ಜಿಪ್ ಸಿಕ್ಕಾಕೊಂಡವರಿಗೆ ಒಂದು ವಿಳಾಸ

ಈ ಸಭೆಗೂ ನಮ್ಮ ಬೀದಿಯ ವ್ಯಾಪಾರಿಗಳ ಸಂಘಕ್ಕೂ ಅಧ್ಯಕ್ಷರಾಗಿ, ಎರಡು ಕುರ್ಚಿಯ ಭಾರವನ್ನು ಒಬ್ಬರೇ ಹೊತ್ತಿರುವ ಬೇಕರಿ ಯಜಮಾನರೇ, ನನಗಿಂತ ಮುಂಚೆ ಮಾತಾಡಿದ ಮೂವರನ್ನೂ ಕಣ್ಣು ಮುಚ್ಚದೆ ಕೇಳಿಸಿಕೊಂಡ ಮುಖ್ಯ ಅತಿಥಿಗಳೇ, ನಮ್ಮಂಥ ಮೊಂಡರಿಗೆ ಕಂಪ್ಯೂಟರ್ ಕಲಿಸಿದ ಟೀಚರಮ್ಮನವರೇ, ವೇದಿಕೆಯ ಮೇಲಿನ ಗಣ್ಯರೇ, ವೇದಿಕೆಯ ಕೆಳಗೆ ಕೂತಿರುವ ಅದಕ್ಕಿಂತ ಗಣ್ಯರೇ, ಮತ್ತು ತಿಂಡಿ ಯಾವಾಗ ಬರುತ್ತದೆಂದು ಬಾಗಿಲ ಕಡೆ ನೋಡುತ್ತಿರುವ ನನ್ನ ಆತ್ಮೀಯ ಸಭಿಕರೇ,

ಅಂಗಡಿಯ ವೆಬ್‌ಸೈಟಿಗೆ ಹೆಸರು ಆರಿಸುವುದು ಹೇಗೆ, ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಹೇಗೆ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಹತ್ತು ನಿಮಿಷ ಎಂಬುದರ ಕೆಳಗೆ ನನ್ನ ಹೆಂಡತಿ ಎರಡು ಗೆರೆ ಎಳೆದು ಕಳಿಸಿದ್ದಾಳೆ. ಎರಡನೇ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿರುವವಳು ಅವಳೇ.

ನನ್ನ ಕಸುಬು ನಿಮಗೆಲ್ಲ ಗೊತ್ತು. ಜಿಪ್ ರಿಪೇರಿ. ಚೀಲದ ಜಿಪ್, ಕೋಟಿನ ಜಿಪ್, ಬೂಟಿನ ಜಿಪ್, ಟೆಂಟಿನ ಜಿಪ್. ನಗುವವರು ನಗಬಹುದು. ಆದರೆ ಮಹನೀಯರೇ, ಈ ಸಭಾಂಗಣದಲ್ಲಿ ಮೈಮೇಲೆ ಒಂದೂ ಜಿಪ್ ಇಲ್ಲದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಯಾರೂ ಇಲ್ಲ! ಅಂದಮೇಲೆ ಇವತ್ತಲ್ಲ ನಾಳೆ ನೀವೆಲ್ಲ ನನ್ನ ಗಿರಾಕಿಗಳೇ.

ಅಂಗಡಿ ಕಟ್ಟಿದವರು ನನ್ನ ತಂದೆ. ಬೋರ್ಡಿನ ಮೇಲೆ ಅವರ ಹೆಸರು, ಅದರ ಕೆಳಗೆ 'ಮತ್ತು ಮಗ'. ಆ ಮಗ ಯಾರು? ಈ ಬಡಪಾಯಿಯೇ. ಬೋರ್ಡು ಏರಿಸಿದ ದಿನ ನನ್ನನ್ನು ಅದರ ಕೆಳಗೆ ನಿಲ್ಲಿಸಿ ಫೋಟೊ ತೆಗೆಸಿದರು. ಆಗ ನಾನು ನಾಲ್ಕನೇ ಕ್ಲಾಸು. ಆ ಫೋಟೊ ಇವತ್ತಿಗೂ ಅಂಗಡಿಯಲ್ಲಿದೆ. ಅಪ್ಪ ಇದ್ದಾರೆ, ನಾನಿದ್ದೇನೆ, ಪಕ್ಕದ ಅಂಗಡಿಯ ಬೆಕ್ಕು ಕೂಡ ಇದೆ. ನನ್ನ ಅಕ್ಕ ಇಲ್ಲ. ಅವಳಿಗೆ ಆಗ ಹದಿನೇಳು. ಅರ್ಜೆಂಟ್ ಗಿರಾಕಿ ಒಬ್ಬರು ಕಾಯುತ್ತಿದ್ದರು ಅಂತ ಒಳಗೆ ಮೆಷಿನ್ ಮೇಲೆ ಕೂತು ಸೂಟ್‌ಕೇಸಿಗೆ ಜಿಪ್ ಹೊಲಿಯುತ್ತಿದ್ದಳು. ಇದನ್ನು ಯಾಕೆ ಹೇಳಿದೆ? ವಿಷಯಕ್ಕೆ ಬರುತ್ತೇನೆ.

ಬಸ್‌ಸ್ಟಾಪು ನಮ್ಮ ಬೀದಿಯಿಂದ ಆಚೆಗೆ ಹೋದಮೇಲೆ ನಮ್ಮ ವ್ಯಾಪಾರ ಏನಾಯಿತೆಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಒಂದು ವಾರವಿಡೀ ನಾಲ್ಕೇ ಗಿರಾಕಿ ಬಂದದ್ದುಂಟು. ಅವರಲ್ಲೊಬ್ಬರು ವಿಳಾಸ ಕೇಳಲು ಬಂದವರು. ವರ್ಷದ ಕೊನೆಗೆ ಅಂಗಡಿ ಖಾಲಿ ಮಾಡುತ್ತೇವೆಂದು ಕಟ್ಟಡದ ಮಾಲೀಕರಿಗೆ ನಾನು ಹೇಳಿಯೂ ಬಿಟ್ಟಿದ್ದೆ. ಅಕ್ಕನ ಮೆಷಿನ್ ಕೊಳ್ಳಲು ಒಬ್ಬರು ಬಂದು ಟೇಪು ಹಿಡಿದು ಉದ್ದಗಲ ಅಳೆದರು. ಅಕ್ಕ ಕೂತಲ್ಲೇ ಪೆಡಲಿನಿಂದ ಕಾಲು ತೆಗೆದು, "ಕೆಳಗೂ ಅಳೀರಿ, ಆಮೇಲೆ ಬಾಗಿಲಲ್ಲಿ ಹೋಗಲ್ಲ ಅನ್ಬೇಡಿ" ಅಂದಳು. ಅಷ್ಟು ಹೇಳಿ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ನಾನು ನೋಡದ ಹಾಗೆ ಇದ್ದೆ. ಹೌದು ಸ್ವಾಮಿ, ನಾನು ಅಂಥವನೇ.

ಅದೇ ಹೊತ್ತಿಗೆ ನಮ್ಮ ಸಂಘ ಸಂಜೆಯ ಕಂಪ್ಯೂಟರ್ ಕ್ಲಾಸು ಶುರುಮಾಡಿತು. ಅಕ್ಕ ಹೆಸರು ಕೊಟ್ಟಳು. ಅವಳು ಕೊಟ್ಟಳಲ್ಲ ಎಂಬ ಹಟಕ್ಕೆ ನಾನೂ ಕೊಟ್ಟೆ. ಮೂರನೇ ದಿನ ಟೀಚರಮ್ಮ ಹೇಳಿದರು: "ವೆಬ್‌ಸೈಟಿಗೆ ಒಂದು ವಿಳಾಸ ಬೇಕು. ಅದಕ್ಕೆ ಡೊಮೇನ್ ಹೆಸರು ಅಂತಾರೆ. ಚಿಕ್ಕದಿರ್ಲಿ, ಬಾಯಲ್ಲಿ ಹೇಳಿದ್ರೆ ನೆನಪಲ್ಲಿ ಉಳೀಲಿ, ನೋಡಿದ ತಕ್ಷಣ ನಿಮ್ಮ ಕೆಲಸ ಏನೂಂತ ಗೊತ್ತಾಗ್ಲಿ."

ಅಕ್ಕ ತಕ್ಷಣ, "ಜಿಪ್ ಅನ್ನೋದು ಅದರಲ್ಲಿರ್ಲಿ" ಅಂದಳು.

ನನಗೆ ಪಿತ್ತ ನೆತ್ತಿಗೇರಿತು. "ಅಪ್ಪನ ಹೆಸರು ಏನಾಗ್ಬೇಕು?" ಅಂದೆ. "ಮೂವತ್ತೊಂದು ಅಕ್ಷರ ಆಗತ್ತೆ ಅಂಕಲ್" ಅಂದರು ಟೀಚರ್. ಆಗಲಿ ಅಂದೆ. ನನಗೆ ಆ ಮೂವತ್ತೊಂದೂ ಬೇಕಿತ್ತು, ಯಾಕೆಂದರೆ ಕೊನೆಯ ಕೆಲವು ಅಕ್ಷರ ನನ್ನವು. ಅಪ್ಪನ ಮರ್ಯಾದೆ ಎಂದು ಕ್ಲಾಸಿನಲ್ಲಿ ಎದೆ ತಟ್ಟಿಕೊಂಡೆ. ಈಗ ಮೈಕ್ ಮುಂದೆ ಸುಳ್ಳು ಹೇಳಲಾರೆ, ಅಪ್ಪನಿಗಿಂತ ಹೆಚ್ಚಾಗಿ ಆ 'ಮತ್ತು ಮಗ' ಹೋಗಿಬಿಡುತ್ತದಲ್ಲ ಎಂಬ ಹೊಟ್ಟೆಯುರಿ. ಮರುದಿನವೇ ಅಕ್ಕನಿಗೆ ಹೇಳದೆ ಆ ಹೆಸರನ್ನು ನೋಂದಾಯಿಸಿಬಿಟ್ಟೆ. ಮುಖಪುಟಕ್ಕೆ ಯಾವ ಫೋಟೊ ಹಾಕಿದೆ? ಅದೇ, ಬೆಕ್ಕಿನ ಸಮೇತ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಆಗಿತ್ತು. ಮಾತೇ ಬಿಟ್ಟಳು. ಹತ್ತಡಿ ಅಂಗಡಿಯಲ್ಲಿ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂತು ಗಿರಾಕಿಗಳ ಮೂಲಕ ಮಾತಾಡತೊಡಗಿದೆವು. "ಐದನೇ ನಂಬರ್ ಕರಿ ಜಿಪ್ ಮುಗಿದಿದೆ ಅಂತ ಅವರಿಗೆ ಹೇಳಿ." "ಮೇಲಿನ ಡಬ್ಬಿ ನೋಡೋಕೆ ಏನು ಕಷ್ಟ ಅಂತ ಕೇಳಿ ಇವರನ್ನ." ಚೀಲ ಹಿಡಿದು ಬಂದ ಗಿರಾಕಿ ಮಧ್ಯೆ ನಿಂತು ಕತ್ತು ಅತ್ತ ಇತ್ತ ತಿರುಗಿಸಿ ಸುಸ್ತಾಗುತ್ತಿದ್ದರು. ನಮ್ಮ ಬೇಕರಿ ಯಜಮಾನರೂ ಒಮ್ಮೆ ಹೀಗೆ ಸಿಕ್ಕಿಬಿದ್ದಿದ್ದರು. ನಗುತ್ತಿದ್ದಾರೆ ನೋಡಿ!

ಇತ್ತ ನನ್ನ ವೆಬ್‌ಸೈಟು ಅಬ್ಬಬ್ಬಾ, ಏನು ವೈಭವ! ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಅಂಗಡಿಯ ಕಂಪ್ಯೂಟರಿನಲ್ಲಿ ಮೂವತ್ತೊಂದು ಅಕ್ಷರವನ್ನೂ ಒತ್ತಿ ಹುಡುಕುತ್ತಿದ್ದೆ. ಯಾರು ಮೊದಲು? ನಾವೇ ಮೊದಲು. ಮರುದಿನ ಯಾರು ಮೊದಲು? ನಾವೇ. ಇನ್ನೊಂದು ವಿಷಯ ಕೇಳಿ. ರಿಪೇರಿ ಆದ ಜಿಪ್ಪನ್ನು ಹತ್ತು ಸಲ ಎಳೆದು ಬಿಟ್ಟು ನೋಡದೆ ಗಿರಾಕಿ ಕೈಗೆ ಕೊಡಬಾರದು ಅಂತ ಅಪ್ಪ ಮಾಡಿದ ಕಟ್ಟಳೆ. ಆ ಅಭ್ಯಾಸದಿಂದ ವೆಬ್‌ಸೈಟನ್ನೂ ದಿನಕ್ಕೆ ಹತ್ತು ಸಲ ತೆರೆದು ಮುಚ್ಚುತ್ತಿದ್ದೆ. ಗಟ್ಟಿಯಾಗಿದೆಯೋ ಇಲ್ಲವೋ ನೋಡಬೇಡವೇ? ತಿಂಗಳ ಕೊನೆಗೆ ಇನ್ನೂರ ಹನ್ನೆರಡು ಭೇಟಿ ಎಂದು ತೋರಿಸಿತು. ನಾನು ಹಿಗ್ಗಿ ಹೀರೇಕಾಯಿಯಾಗಿ ಇಡೀ ಬೀದಿಗೆ ಬಿಸ್ಕತ್ತು ಹಂಚಿದೆ. ನಿಮ್ಮಲ್ಲಿ ಅರ್ಧ ಜನ ತಿಂದಿದ್ದೀರಿ.

ಟೀಚರಮ್ಮನವರಿಗೂ ಕೊಡಲು ಹೋದೆ. ಅವರು ಬಿಸ್ಕತ್ತು ಕೈಯಲ್ಲಿ ಹಿಡಿದುಕೊಂಡೇ ನನ್ನ ಲೆಕ್ಕ ತೆರೆದು ನೋಡಿದರು. "ಅಂಕಲ್, ಇದರಲ್ಲಿ ಇನ್ನೂರ ಒಂಬತ್ತು ಸಲ ತೆರೆದಿರೋದು ಒಂದೇ ಕಂಪ್ಯೂಟರಿಂದ. ನಿಮ್ಮದರಿಂದ."

ಇಪ್ಪತ್ತೊಂದು ದಿನ, ದಿನಕ್ಕೆ ಹತ್ತು. ಒಂದು ದಿನ ಒಂಬತ್ತನೇ ಸಲಕ್ಕೇ ಕರೆಂಟು ಹೋಗಿತ್ತು. ಲೆಕ್ಕ ಸರಿಯಾಗಿಯೇ ಇತ್ತು.

"ಆದ್ರೂ ನಾವು ಮೊದಲು ಬರ್ತೀವಲ್ಲ ಟೀಚರ್?" ಅಂದೆ.

"ಪೂರ್ತಿ ಹೆಸರು ಹೊಡೆದ್ರೆ ಬರದೆ ಇನ್ನೇನು? ಆ ಹೆಸರು ಬೇರೆ ಯಾರಿಗಿದೆ? ಆದ್ರೆ ಜನ ನಿಮ್ಮ ಅಪ್ಪನ್ನ ಹುಡುಕ್ತಿಲ್ಲ ಅಂಕಲ್. ಜಿಪ್ ಸರಿಮಾಡೋರನ್ನ ಹುಡುಕ್ತಿದಾರೆ." ತಮ್ಮ ಫೋನಿನಲ್ಲಿ ಹುಡುಕಿ ತೋರಿಸಿದರು. ಮೊದಲ ಪುಟದಲ್ಲಿ ನಾವಿಲ್ಲ. ಎರಡನೆಯದರಲ್ಲಿ ಇಲ್ಲ. ಒಂಬತ್ತನೇ ಪುಟದಲ್ಲಿ, ಮುಚ್ಚಿಹೋದ ಯಾವುದೋ ಅಂಗಡಿಯ ಕೆಳಗೆ ನಾವು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಹಾಗಾದ್ರೆ ಉಳಿದ ಮೂರು ಜನ ಯಾರು?" ಎಂದು ಕೇಳಿದೆ. ಮುಳುಗುವವನಿಗೆ ಮೂರಾದರೂ ಬೇಕಲ್ಲ.

"ಎರಡು ನಾನೇ. ಇನ್ನೊಂದು ನಿಮ್ಮಕ್ಕ. ಕ್ಲಾಸಲ್ಲಿ ನನ್ನ ಮುಂದೇನೇ ತೆರೆದು ನೋಡಿದ್ರು. ತುಂಬಾ ಹೊತ್ತು ನೋಡಿದ್ರು."

ಸಭಿಕರೇ, ನೀವೇ ಹೇಳಿ. ನಲವತ್ತಮೂರು ವರ್ಷ ದುಡಿದ ಅಂಗಡಿಯ ವೆಬ್‌ಸೈಟಿನಲ್ಲಿ ಅಕ್ಕ ತುಂಬಾ ಹೊತ್ತು ಏನು ಹುಡುಕಿರಬಹುದು? ಅಪ್ಪ ಇದ್ದರು, ನಾನಿದ್ದೆ, ಬೆಕ್ಕಿತ್ತು. ನನಗೆ ನಾಚಿಕೆಯಾಯಿತು. ಅವತ್ತು ಉಳಿದ ಬಿಸ್ಕತ್ತನ್ನು ಮನೆಗೆ ವಾಪಸು ತಂದೆ.

ಟೀಚರಮ್ಮ ನಮ್ಮಿಬ್ಬರಿಗೂ ಒಂದು ಕೆಲಸ ಕೊಟ್ಟರು. "ಏಳು ದಿನ, ಬಂದೋರು, ಫೋನ್ ಮಾಡಿದೋರು ಬಾಯಿ ಬಿಟ್ಟು ಮೊದಲು ಏನಂತಾರೋ ಹಾಗ್ ಹಾಗೇ ಬರೀರಿ. ತಿದ್ದಬೇಡಿ. ಅವರು ಫೋನಲ್ಲೂ ಅದನ್ನೇ ಕೇಳ್ತಾರೆ." ಅಕ್ಕ ಕಂದು ಕಾಗದವೊಂದನ್ನು ಗೋಡೆಗೆ ಸಿಕ್ಕಿಸಿ ಬರೆಯತೊಡಗಿದಳು. "ಮೇಲಕ್ಕೇನೋ ಹೋಗತ್ತೆ, ಹಿಂದಿಂದ ಬಿಚ್ಕೊಂಡು ಬರತ್ತೆ." "ಚೀಲ ಬಾಯಿ ಮುಚ್ತಿಲ್ಲ, ನಾಳೆ ಪ್ರಯಾಣ." "ಮಗು ಕೋಟು ಸಿಕ್ಕಾಕೊಂಡಿದೆ, ಮಗು ಒಳಗೇ ಇದೆ." ಏಳು ದಿನಕ್ಕೆ ಹತ್ತೊಂಬತ್ತು ಸಾಲು. ಅದರಲ್ಲಿ ನಮ್ಮ ಅಪ್ಪನ ಹೆಸರು ಒಂದೂ ಇಲ್ಲ. 'ರಿಪೇರಿ' ಎಂಬ ಮಾತು ಎರಡೇ ಎರಡು ಸಲ. 'ಸಿಕ್ಕಾಕೊಂಡಿದೆ' ಹದಿಮೂರು ಸಲ!

ಎಂಟನೇ ದಿನ ಕ್ಲಾಸಿನಲ್ಲಿ ಅಕ್ಕ ಟೀಚರ್ ಕಡೆ ತಿರುಗಿ, "ಜಿಪ್ ಸಿಕ್ಕಾಕೊಂಡಿದೆ ಅಂತಲೇ ಹೆಸರಿಡೋಣ" ಅಂದಳು.

"ಇದೇನು ಅಂಗಡಿ ಹೆಸರೋ, ಗೋಳೋ ಅಂತ ಅವರನ್ನ ಕೇಳಿ" ಎಂದೆ ನಾನು.

"ಗೋಳಿದ್ದೋರೇ ಅಲ್ವಾ ಬರೋದು ಅಂತ ಇವರಿಗೆ ಹೇಳಿ."

ಟೀಚರ್ ಇಬ್ಬರಿಗೂ ಬುದ್ಧಿ ಹೇಳಿದರು. ನನ್ನ ಭಾಷಣದಲ್ಲಿ ನೀವು ಬರೆದುಕೊಳ್ಳಬೇಕಾದದ್ದೇನಾದರೂ ಇದ್ದರೆ ಇದೊಂದೇ. "ಹೆಸರು ಚೆನ್ನಾಗಿದ್ರೆ ಜನ ನೆನಪಿಟ್ಕೋತಾರೆ, ಇದು ನಮಗೇ ಅಂತ ಒತ್ತುತಾರೆ, ಇನ್ನೊಬ್ರಿಗೆ ಹೇಳ್ತಾರೆ. ಆದ್ರೆ ಬರೀ ಹೆಸರಿಂದ ಯಾರೂ ಮೊದಲ್ನೇ ಪುಟಕ್ಕೆ ಬರಲ್ಲ. ಒಳಗೆ ಅವರ ಪ್ರಶ್ನೆಗೆ ಉತ್ತರ ಇರ್ಬೇಕು." ನಾನು ಸೋತೆ. "ಆಯ್ತು, ಒಪ್ಪಿದೀನಿ ಅಂತ ಅವರಿಗೆ ಹೇಳಿ" ಅಂದೆ. 'ಜಿಪ್ ಸಿಕ್ಕಾಕೊಂಡಿದೆ' ಎಂಬ ಹೊಸ ಹೆಸರೇ ನೋಂದಣಿಯಾಯಿತು.

ಅಕ್ಕ ಉತ್ತರ ಬರೆಯಲು ಕೂತಳು. ಗಟ್ಟಿಯಾದ ಜಿಪ್ಪಿನ ಹಲ್ಲಿಗೆ ಪೆನ್ಸಿಲ್ ಮೊನೆ ಉಜ್ಜಿ. ಪೆನ್ಸಿಲ್ ಇಲ್ಲವೇ, ಮೇಣದ ಬತ್ತಿ. ಹಿಂದಿನಿಂದ ಬಿಚ್ಚಿಕೊಂಡರೆ ಎಳೆಯುವ ಗುಂಡಿಯ ಎರಡೂ ಪಕ್ಕವನ್ನು ಇಕ್ಕಳದಲ್ಲಿ ಮೆಲ್ಲಗೆ ಅಮುಕಿ, ಮೆಲ್ಲಗೆ ಅಂದರೆ ಮೆಲ್ಲಗೆ. ನಲವತ್ತಮೂರು ವರ್ಷದ ಗುಟ್ಟನ್ನೆಲ್ಲ ಹೀಗೆ ಬೀದಿಗೆ ಹಾಕುತ್ತಿದ್ದಾಳಲ್ಲ, ಇನ್ನು ಯಾರು ಬರುತ್ತಾರೆಂದು ನಾನು ಹೌಹಾರಿದೆ. ಪ್ರತಿ ಪುಟದ ಕೊನೆಗೆ ಅವಳು ಒಂದೇ ಮಾತು ಬರೆಯುತ್ತಿದ್ದಳು: "ಇಷ್ಟಕ್ಕೂ ಬರದಿದ್ದರೆ ಎಳೆದಾಡಬೇಡಿ. ಬನ್ನಿ, ನಾನಿದ್ದೇನೆ. ಇಂತಿ, ಅಕ್ಕ."

ಎರಡು ತಿಂಗಳು ಏನೂ ಆಗಲಿಲ್ಲ. ನಾನು ಒಳಗೊಳಗೇ ಸ್ವಲ್ಪ ಖುಷಿಪಟ್ಟೆ. ಕ್ಷಮಿಸಿ, ಪಟ್ಟದ್ದು ನಿಜ.

ಒಂದು ಸೋಮವಾರ ಬೆಳಗ್ಗೆ ದಪ್ಪ ಜಾಕೆಟ್ ಹಾಕಿಕೊಂಡ ಮಹಾಶಯರೊಬ್ಬರು ಬೆವರು ಸುರಿಸುತ್ತ ಒಳಗೆ ಬಂದರು. ಸೆಕೆಗಾಲ! ಜಾಕೆಟ್ಟು ಗಂಟಲವರೆಗೆ ಸಿಕ್ಕಾಕೊಂಡಿತ್ತು. ಬಟ್ಟೆ ಅಂಗಡಿಯಲ್ಲಿ ಹೊಸ ಜಾಕೆಟ್ ಹಾಕಿ ನೋಡಿದ್ದಾರೆ, ಬಿಚ್ಚಲಾಗದೆ ಅದನ್ನೇ ಕೊಂಡಿದ್ದಾರೆ, ಶನಿವಾರದಿಂದ ಅದರಲ್ಲೇ ಊಟ, ಅದರಲ್ಲೇ ನಿದ್ದೆ. ಕತ್ತರಿಸಲು ಹೆಂಡತಿ ಬಿಟ್ಟಿಲ್ಲ. ಫೋನಿನಲ್ಲಿ "ಜಿಪ್ ಸಿಕ್ಕಾಕೊಂಡಿದೆ" ಅಂತ ಹೊಡೆದಾಗ ಮೊದಲು ಬಂದದ್ದು ಯಾರು? ನಾವು! ನಮ್ಮ ಕಂಪ್ಯೂಟರಿನಲ್ಲಲ್ಲ ಸ್ವಾಮಿ, ಯಾರೋ ಪರಊರಿನವರ ಫೋನಿನಲ್ಲಿ!

ನಾನು ಎದೆಯುಬ್ಬಿಸಿ ಎದ್ದುನಿಂತು, "ಬನ್ನಿ ಸಾರ್, ನಾನೇ ಮಾಲೀಕ" ಅಂದೆ.

"ತುಂಬಾ ಸಂತೋಷ ಸಾರ್" ಅಂದರು ಅವರು. "ಅಕ್ಕ ಎಲ್ಲಿ?"

ಅಕ್ಕ ಬಂದಳು. ಕನ್ನಡಕ ಏರಿಸಿ ನೋಡಿದಳು. ಜಾಕೆಟ್ಟಿನ ಒಳಪದರದ ಮಡಿಕೆ ಹಲ್ಲಿಗೆ ಕಚ್ಚಿಕೊಂಡಿತ್ತು. ಒಬ್ಬರು ಬಟ್ಟೆಯನ್ನು ಬಿಗಿಯಾಗಿ ಹಿಡಿಯಬೇಕು, ಇನ್ನೊಬ್ಬರು ಗುಂಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಜರುಗಿಸಬೇಕು. "ಲೋ, ಮುಖ ಏನ್ ನೋಡ್ತೀಯಾ, ಬಟ್ಟೆ ಹಿಡ್ಕೊಳ್ಳೋ" ಅಂದಳು. ನೂರ ಹತ್ತು ದಿನದ ಮೇಲೆ ಅಕ್ಕ ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು! ನಾನು ಹಿಡಿದುಕೊಂಡೆ. ಅರ್ಧ ನಿಮಿಷದಲ್ಲಿ ಜಾಕೆಟ್ಟು ಸರ್ರನೆ ಬಾಯಿ ಬಿಟ್ಟಿತು. ಆ ಮನುಷ್ಯ ಎರಡೂ ಕೈ ಮೇಲೆತ್ತಿ, "ಉಸ್ಸಪ್ಪಾ!" ಅಂದ ರೀತಿಗೆ ಅಕ್ಕ ನಗತೊಡಗಿದಳು, ನಾನು ನಗತೊಡಗಿದೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆವು.

ಅವರು ಊರೆಲ್ಲ ಹೇಳಿದರು. ಹೇಳಲು ಸುಲಭವಾದ ಹೆಸರು ನೋಡಿ. ಮೆಷಿನ್ ಕೊಳ್ಳಲು ಒಪ್ಪಿದ್ದವರು ವರ್ಷದ ಕೊನೆಗೆ ಗಾಡಿ ತಂದಾಗ ನಮ್ಮ ಬಾಗಿಲಲ್ಲಿ ಹನ್ನೊಂದು ಜನರ ಸಾಲಿತ್ತು. ಅವರೂ ಸಾಲಿನಲ್ಲಿ ನಿಂತರು. ಅವರ ಸರದಿ ಬರುವ ಹೊತ್ತಿಗೆ ಪಾಪ, ಮೆಷಿನ್ ಕೇಳಲು ಬಾಯಿ ಬರದೆ ತಮ್ಮ ಕೈಚೀಲದ ಜಿಪ್ ಹಾಕಿಸಿಕೊಂಡು ಹೋದರು. ಅಂಗಡಿ ಉಳಿಯಿತು. ಕಟ್ಟಡದ ಮಾಲೀಕರು ಐದು ವರ್ಷಕ್ಕೆ ಹೊಸ ಕರಾರು ಬರೆದುಕೊಟ್ಟಿದ್ದಾರೆ.

ಹೆಂಡತಿ ಗಡಿಯಾರ ತೋರಿಸುತ್ತಿದ್ದಾಳೆ. ಇನ್ನೊಂದೇ ಮಾತು. ಸಂಘದವರು ಇವತ್ತು ಬಾಗಿಲಲ್ಲಿ ಎಲ್ಲರ ಎದೆಗೂ ಒಂದೊಂದು ಚೀಟಿ ಚುಚ್ಚಿದ್ದೀರಿ. ನನ್ನದರಲ್ಲಿ 'ಅಂಗಡಿ ಮಾಲೀಕರು' ಎಂದಿದೆ. ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕೂತಿದ್ದಾಳಲ್ಲ, ನನ್ನ ಅಕ್ಕ, ಅವಳದರಲ್ಲಿ 'ಸದಸ್ಯರ ಕುಟುಂಬ' ಎಂದಿದೆ. ನಿಮ್ಮ ತಪ್ಪಲ್ಲ, ಸಂಘಕ್ಕೆ ಹೆಸರು ಬರೆಸಿದವನು ನಾನು. ನನ್ನೊಬ್ಬನದೇ ಬರೆಸಿದ್ದೆ. ಅಕ್ಕಾ, ತಲೆ ಬಗ್ಗಿಸಬೇಡ, ಎದ್ದೇಳು. ಎಲ್ಲರೂ ನೋಡಲಿ. ಹೊಸ ಕರಾರಿನಲ್ಲಿ ಮೊದಲ ಸಹಿಗೆ ಜಾಗ ಬಿಟ್ಟಿದ್ದೇನೆ, ನಾಳೆ ಬೆಳಗ್ಗೆ ನೀನು ಹಾಕಬೇಕು. ಇಷ್ಟು ಜನರ ಮುಂದೆ ಹೇಳಿಬಿಟ್ಟರೆ ನೀನು ಬೇಡವೆನ್ನಲಾರೆ, ನಾನು ಹಿಂದೆ ಸರಿಯಲಾರೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಜೋರಾಗಿ ಚಪ್ಪಾಳೆ ತಟ್ಟಿ ಸ್ವಾಮಿ, ಅವಳಿಗೆ ಕೇಳಿಸಬೇಕು!

ಅಧ್ಯಕ್ಷರೇ, ಇಗೋ, ನನ್ನ ಚೀಟಿ ಬಿಚ್ಚಿದ್ದೇನೆ. ಇದನ್ನು ಅವಳಿಗೆ ಚುಚ್ಚಿಸಿ. ನನಗೆ ಒಂದು ಹೊಸದನ್ನು ಬರೆದುಕೊಡಿ, 'ಮಾಲೀಕರ ತಮ್ಮ' ಅಂತ. ನನ್ನ ಹರಟೆಯನ್ನು ಸಹಿಸಿದ ನಿಮಗೂ, ನಮ್ಮನ್ನು ತಿದ್ದಿದ ಟೀಚರಮ್ಮನವರಿಗೂ ಕೃತಜ್ಞತೆಗಳು. ಮೈಕ್ ಬಿಡುತ್ತೇನೆ, ಅಕ್ಕ ಅಳುತ್ತಿದ್ದಾಳೆ, ನಾನು ಅಲ್ಲಿಗೆ ಹೋಗಬೇಕು. ನಮಸ್ಕಾರ.