ಹಾಸದೆ ಉಳಿದ ಚಾಪೆ

ಎನ್‌ಜಮೇನಾದ ಮಾರುಕಟ್ಟೆಯ ಮುಂದೆ ಮಿನಿಬಸ್ಸಿಗೆ ಕಾಯುತ್ತಿದ್ದೆ. ಪದಚ್ಯುತ ಅಧ್ಯಕ್ಷನ ವಿಚಾರಣೆಯ ಸುದ್ದಿ ಟೀ ಅಂಗಡಿಯ ರೇಡಿಯೊದಲ್ಲಿ ಆಗಷ್ಟೇ ಮುಗಿದಿತ್ತು. ಪಕ್ಕದಲ್ಲಿ ಸುರುಳಿ ಸುತ್ತಿದ ಹೊಸ ಚಾಪೆ ತಬ್ಬಿಕೊಂಡ ಒಬ್ಬ ಮುದುಕಿ, ಜೊತೆಗೆ ಅವಳ ನರೆಗಡ್ಡದ ಮೈದುನ.

“ಮೂರು ಜನ ವಕೀಲರಂತೆ ಅತ್ತಿಗೆ, ಆ ಕಟುಕನಿಗೆ! ಅಣ್ಣನಿಗೆ ಒಬ್ಬನಾದ್ರೂ ಇದ್ನಾ?”

“ಇರ್ಲಿಲ್ಲ ಇಸ್ಸಾಖಾ. ಅದಕ್ಕೇ ಇವನಿಗೆ ಇರ್ಲಿ ಅಂತೀನಿ.”

“ಗೋಡೆಗೆ ನಿಲ್ಸಿ ಗುಂಡು ಹೊಡೆದಿದ್ರೆ ಮುಗೀತಿತ್ತು.”

“ಯಾರಿಗೆ ಮುಗೀತಿತ್ತು? ನಿಮ್ಮಣ್ಣನ್ನ ಒಂದು ಮಾತೂ ಕೇಳದೆ ಇವನ ಪೊಲೀಸರು ಜೈಲಿಗೆ ಎಳ್ಕೊಂಡು ಹೋದ್ರು. ಇವನಿಗೂ ಹಂಗೇ ಮಾಡಿದ್ರೆ, ನಾಳೆ ಇವನ ಕಡೆಯವರು ನಮ್ಮನ್ನೇ ಸುಳ್ಳರು ಅಂತಾರೆ.”

“ಕೇಳಿದ್ರೂ ಬಾಯಿ ಬಿಡ್ತಿಲ್ವಲ್ಲ ಅವ್ನು!”

“ಬಿಡದಿದ್ರೆ ಬೇಡ. ಎಲ್ಲಾರ ಮಾತೂ ಕೇಳಿ ಜಡ್ಜೇ ಹೇಳ್ಲಿ, ನಿನ್ನ ಗಂಡ ಆ ಜೈಲಲ್ಲೇ ಸತ್ತ ಅಂತ. ಅವತ್ತು ಅಂಗಳದಲ್ಲಿ ಸಾವಿನ ಚಾಪೆ ಹಾಸ್ತೀನಿ, ಅಳೋಕೆ ಬಂದವರು ಕೂರ್ಲಿ ಅಂತ. ಹೆಣ ಬರ್ಲಿಲ್ಲ, ಸುದ್ದೀನೂ ಬರ್ಲಿಲ್ಲ, ಏನಂತ ಹಾಸ್ಲಿ ಇಷ್ಟು ದಿನ? ಇಪ್ಪತ್ತೇಳು ವರ್ಷ ಆಯ್ತು, ಒಬ್ರೂ ಬಂದು ಪಕ್ಕದಲ್ಲಿ ಕೂತು ಅತ್ತಿಲ್ಲ ನನ್ಜೊತೆ.”

ಇಸ್ಸಾಖಾ ದನಿ ತಗ್ಗಿಸಿದ.

“ಈಗ ಯಾರು ಬರ್ತಾರೆ ಅತ್ತಿಗೆ? ಅಣ್ಣನ್ನ ಕಂಡವರು ಯಾರು ಉಳಿದಿದ್ದಾರೆ?”

ಮಿನಿಬಸ್ಸು ಬಂದು ನಿಂತಿತು. ಚಾಪೆಯನ್ನು ಮೇಲೆ ಹಾಕುವಂತೆ ಕಂಡಕ್ಟರ್ ಕೂಗಿದ. ಮುದುಕಿ ಅದನ್ನು ಎದೆಗೆ ಒತ್ತಿಕೊಂಡೇ ಮೆಟ್ಟಿಲು ಹತ್ತಿದಳು.

“ಗೊತ್ತು ಕಣಪ್ಪ,” ಅಂದಳು ತಿರುಗಿ ನೋಡದೆ. “ಅದಕ್ಕೇ ಸಣ್ಣದು ತಗೊಂಡೆ. ನಿಂಗೂ ನಂಗೂ ಸಾಕಾಗತ್ತೆ.”