ಅಕ್ಕೋರದ್ದೊಂದು ಫೋಟೋ ಕಳಿಸಿ

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಕೆಟ್ಟವನಲ್ಲ, ನಮ್ಮ ನಿಮ್ಮಂಥವನೇ. ಅವನಿಗಿದ್ದದ್ದು ಒಂದೇ ಚಪಲ: ಫೇಸ್‌ಬುಕ್ಕಿನಲ್ಲಿ ದಿನಕ್ಕೊಂದು ಚಿತ್ರ ಹಾಕಬೇಕು. ಯುಗಾದಿ ಬಂದರೆ ಶುಭಾಶಯದ ಚಿತ್ರ. ಅದರಲ್ಲಿ ಇವನು ನಡುವೆ ಆಳೆತ್ತರ, ದೇವರು ಮೂಲೆಯಲ್ಲಿ ಬೊಟ್ಟಿನಷ್ಟು! ನಗುತ್ತೀರಿ. ನೋಡಿ, ಮೊದಲು ನಿಮ್ಮ ಮೊಬೈಲು ತೆಗೆದು ನೋಡಿ, ಆಮೇಲೆ ನಗಿ.

ಚಿತ್ರ ಮಾಡುವ ವಿದ್ಯೆಯನ್ನೂ ಕಲಿತಿದ್ದ. ಬೆಳಕು ಮುಖದ ಮೇಲೆ ಬೀಳಬೇಕು, ಅಕ್ಷರ ದಪ್ಪಗಿರಬೇಕು, ಅಕ್ಕಪಕ್ಕ ಅಡ್ಡಾದಿಡ್ಡಿ ಏನೂ ಕಾಣಬಾರದು. ಈ ಅಡ್ಡಾದಿಡ್ಡಿಯ ಲೆಕ್ಕದಲ್ಲಿ ಯಾರು ಸೇರಿದ್ದರು ಗೊತ್ತೇ? ಅವನ ಅಕ್ಕ. ತಾಯಿ ತೀರಿಕೊಂಡಾಗ ತೊಟ್ಟಿಲಲ್ಲಿದ್ದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನಿಗಾಗಿ ಮದುವೆಯನ್ನೇ ಬೇಡವೆಂದವಳು. ಒಲೆ ಮುಂದಿನ ಮಾಸಲು ಸೀರೆ, ಮುಂದಿನ ಎರಡು ಹಲ್ಲಿಲ್ಲ. ಚಿತ್ರಕ್ಕೆ ಒಪ್ಪುವುದು ಹೇಗೆ?

ಇವನ ಹುಟ್ಟುಹಬ್ಬದ ದಿನ ಅವಳು ಹೋಳಿಗೆ ಮುರಿದು ಬಾಯಿಗಿಡಲು ಬಂದಳು. ಸೆರಗು ಸರಿಮಾಡಿಕೊಂಡು, ನಾಚುತ್ತಲೇ ಪಕ್ಕದಲ್ಲಿ ನಿಂತಳು.

"ಅಕ್ಕಯ್ಯ, ಒಸಿ ಆ ಕಡೆ ಸರ್ಕೋ. ಫೋಟೋ ಕೆಡ್ತದೆ."

"ಹೂಂ ಕಣಪ್ಪ. ನೀನು ಚೆಂದಾಗಿ ಬಿದ್ರೆ ಸಾಕು."

ಸರಿದು ನಿಂತು, ದೂರದಿಂದಲೇ ಕೈ ಚಾಚಿ ತಿನ್ನಿಸಿದಳು. ಒಂದು ದಿನವಲ್ಲ, ನೋಡಿ. ಹಬ್ಬಕ್ಕೆ ಸರಿದಳು, ಗೃಹಪ್ರವೇಶಕ್ಕೆ ಸರಿದಳು, ಅವನ ಮಗಳ ಮದುವೆಯಲ್ಲೂ ಸರಿದಳು. ಆಮೇಲೊಂದು ಬೆಳಿಗ್ಗೆ ಹಾಸಿಗೆಯಿಂದ ಏಳಲೇ ಇಲ್ಲ.

ತಮ್ಮ ಗೋಳೋ ಎಂದು ಅತ್ತ. ಸುಳ್ಳು ಅಳುವಲ್ಲ. ಯಾರಿಗೂ ಮಾಡಿಸದಂಥ ಶ್ರದ್ಧಾಂಜಲಿ ಚಿತ್ರ ಅಕ್ಕನಿಗೆ ಮಾಡಿಸಬೇಕು, ಊರೆಲ್ಲ ನೋಡಬೇಕು ಅಂದುಕೊಂಡ. ಇದು ತನ್ನ ಕೈಯಲ್ಲಿ ಆಗದೆಂದು, ಪೇಟೆಯ ಸ್ಟುಡಿಯೋದಲ್ಲಿ ಇಂಥ ಚಿತ್ರ ಮಾಡಿಕೊಡುವಾಕೆಗೆ ಫೋನ್ ಮಾಡಿದ. ಆಕೆ ಕೇಳಿದ್ದು ಒಂದೇ ಮಾತು.

"ಸಾರ್, ಅಕ್ಕೋರದ್ದೊಂದು ಫೋಟೋ ಕಳಿಸಿ."

ಹುಡುಕಿದ. ಸಾವಿರಾರು ಚಿತ್ರ! ಒಂದರಲ್ಲಿ ಸೆರಗಿನ ತುದಿ, ಒಂದರಲ್ಲಿ ಮೊಣಕೈ. ಹುಟ್ಟುಹಬ್ಬದ ಚಿತ್ರದಲ್ಲಿ ಹೋಳಿಗೆ ಹಿಡಿದ ಕೈ ಇತ್ತು, ಅಕ್ಕ ಇರಲಿಲ್ಲ. ಅಯ್ಯೋ, ಕತ್ತರಿಸಿದವನು ತಾನೇ!

ಕೊನೆಗೆ ಸಿಕ್ಕಿದ್ದು ಆಧಾರ್ ಕಾರ್ಡಿನ ಫೋಟೋ. ಅದರಲ್ಲಿ ನಾವೆಲ್ಲ ಹೇಗೆ ಕಾಣುತ್ತೇವೆ ಅಂತ ನಿಮಗೆ ಗೊತ್ತೇ ಇದೆ. ಮಸುಕು ಮುಖ, ಗಾಬರಿ ಕಣ್ಣು. ಅದಕ್ಕೇ ಹಾರ ಹಾಕಿ, ದೀಪ ಇಟ್ಟು, ಕೆಳಗೆ ಬರೀ ಹೆಸರು ಬರೆದು ಚಿತ್ರ ಮಾಡಿದರು. ನೂರಾರು ಜನ ಕೈಮುಗಿದರು. ಇವನ ಚಿತ್ರಗಳನ್ನು ದಿನವೂ ಮೆಚ್ಚುತ್ತಿದ್ದವನೊಬ್ಬ ಕೆಳಗೆ ಬರೆದ: "ಓಂ ಶಾಂತಿ. ನಿಮ್ಮ ಮನೆ ಅಡುಗೆಯವರಾ?"

ಊರಿಗೆಲ್ಲ ತನ್ನ ಮುಖ ತೋರಿಸಿದವನು ತನ್ನನ್ನು ಬೆಳೆಸಿದವಳ ಮುಖವನ್ನು ಒಬ್ಬರಿಗೂ ತೋರಿಸಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಈಗ ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಮೊಬೈಲಿನಲ್ಲಿ ಯಾರ ಮುಖ ಇಲ್ಲ? ಇವತ್ತೇ ಮನೆಗೆ ಹೋಗಿ, ಒಲೆ ಮುಂದಿರುವವರನ್ನು ಕರೆಯಿರಿ. ಸೀರೆ ಬದಲಿಸು ಅನ್ನಬೇಡಿ. ಅವರನ್ನು ನಡುವೆ ನಿಲ್ಲಿಸಿ, ನೀವು ಪಕ್ಕಕ್ಕೆ ನಿಲ್ಲಿ. ಬೆಳಕು ಸಾಲದಿದ್ದರೆ ಸಾಲದಿರಲಿ, ಕೈ ನಡುಗಿದರೆ ನಡುಗಲಿ. ಕೆಳಗೆ ಬರೆಯಿರಿ: "ಇವಳು ನನ್ನ ಅಕ್ಕ." ಆಮೇಲೆ ಆ ಮೊಬೈಲನ್ನು ಅವಳ ಕೈಗೇ ಕೊಡಿ. ಅವಳು ಬದುಕಿರುವಾಗಲೇ ಅದನ್ನು ಕಣ್ಣಾರೆ ನೋಡಲಿ.