ಬಿರುಕಿನ ಮೇಲಿನ ಗಾಜು

ಮಗಳಿಗೆ ಹಲ್ಲುನೋವು. ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ದಂತವೈದ್ಯರ ಕರೆಗೆ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಕೆನ್ನೆ ಊದಿದ ಗಾರೆ ಕೆಲಸದ ಹಿರಿಯರೊಬ್ಬರಿದ್ದರು. ಅವರ ತಂಗಿಯ ಮಗಳು ಫೋನಿನಲ್ಲಿ ಏನೋ ತೋರಿಸುತ್ತಿದ್ದಳು.

"ನೋಡಿ ಮಾವ, ನೀವು ರಿಪೇರಿ ಮಾಡ್ತಿರೋ ಹಳೇ ಗ್ರಂಥಾಲಯ. ನಾನು ಯಂತ್ರ ಇಟ್ಟು ಮಾಡಿದ ಸ್ಕ್ಯಾನ್‌ನಲ್ಲಿ ಒಂದೊಂದು ಕಲ್ಲೂ ಬಂದಿದೆ. ವಿ.ಆರ್. ಕನ್ನಡಕ ಹಾಕ್ಕೊಂಡ್ರೆ ನೂರು ವರ್ಷದ ಹಿಂದೆ ಹೇಗಿತ್ತೋ ಹಾಗೇ ಕಾಣುತ್ತೆ."

"ಗೋಡೆ ಬಿರುಕಿನ ಮೇಲೆ ನಾನು ಅಂಟಿಸಿದ್ದ ಗಾಜಿನ ಪಟ್ಟಿಗಳೆಲ್ಲಿ?"

"ಅವಾ? ಹೊಳೆದು ಚಿತ್ರ ಕೆಡಿಸ್ತಿದ್ವು. ಕಿತ್ತುಹಾಕಿದೆ."

"ಮೂರನ್ನೂ?"

"ಒಂದು ಮೊದಲೇ ಒಡೆದಿತ್ತು."

ಕೆನ್ನೆಯ ಮೇಲಿದ್ದ ಅವರ ಕೈ ಕೆಳಗಿಳಿಯಿತು.

"ಒಡೆದಿತ್ತಾ? ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ. ಕೈಗೆ ಚುಚ್ಚುತ್ತೆ ಅಂತ ಎಸೆದೆ."

"ಗೋಡೆ ಅಲುಗಿದ್ರೆ ಒಡೀಲಿ ಅಂತಲೇ ಅಂಟಿಸಿದ್ದು ಕಣೇ! ಗೋಡೆ ಬಾಯಿಬಿಟ್ಟು ಹೇಳಿದೆ, ನೀನು ಕಸದ ಬುಟ್ಟಿಗೆ ಹಾಕಿದೀಯ. ಅಷ್ಟು ದೊಡ್ಡ ಯಂತ್ರ ಹೊತ್ತುಕೊಂಡು ಹೋದೋಳು ಕಣ್ಣು ಮನೇಲಿಟ್ಟು ಹೋಗಿದ್ಯಾ?"

"ಬೈಬೇಡಿ ಮಾವ. ನನಗೆ ಯಾರೂ ಹೇಳಿರಲಿಲ್ಲ."

"ಕೇಳೋಕೆ ನಾಲಿಗೆ ಇರಲಿಲ್ವಾ? ಈಗ ಒಳಗೆ ಯಾರಿದ್ದಾರೆ?"

ಅವಳು ಗೋಡೆಯ ಗಡಿಯಾರ ನೋಡಿದಳು.

"ಹನ್ನೊಂದಕ್ಕೆ ಶಾಲೆ ಮಕ್ಕಳು ಬರ್ತಾರೆ. ಕನ್ನಡಕ ಹಾಕಿ ತೋರಿಸ್ತಾರೆ. ಆ ಗೋಡೆ ಕೆಳಗೇ."

"ಫೋನ್ ಮಾಡು. ಒಂದು ನೊಣವೂ ಒಳಗೆ ಹೋಗಬಾರದು."

"ನಿಮ್ಮ ಹಲ್ಲು?"

"ಹಲ್ಲು ಹಾಳಾಗಿ ಹೋಗ್ಲಿ, ಏಳು!"

ಅವರು ಆಗಲೇ ಬಾಗಿಲು ದಾಟಿದ್ದರು. ಹಿಂದೆಯೇ ಓಡಿದವಳ ದನಿ ಮೆಟ್ಟಿಲುಗಳಿಂದ ಕೇಳಿಸಿತು.

"ಮಕ್ಕಳನ್ನ ಹೊರಗೇ ನಿಲ್ಲಿಸಿ. ಇಲ್ಲ ಸರ್, ಯಂತ್ರ ಸರಿಯಾಗೇ ಇದೆ. ತಪ್ಪು ನನ್ನದು."